ಕುಂಚಿಗೆ ತೊಟ್ಟ ಕಲ್ಲು

ತೊಳೆದ ತಟ್ಟೆಗಳನ್ನು ಒಂದೊಂದಾಗಿ ಒರೆಸಿ ಅಡುಗೆಕಟ್ಟೆಯ ಮೇಲೆ ಇಡುತ್ತಿದ್ದೆ. ತಟ್ಟೆಗೆ ತಟ್ಟೆ ತಾಗಿ ಸದ್ದಾಗಬಾರದೆಂದು ನಡುನಡುವೆ ಹಳೆ ಸೀರೆಯ ತುಂಡು ಹಾಸುತ್ತಿದ್ದೆ. ಲೋಟ ಬೋರಲು ಹಾಕುವಾಗ ಮೊದಲು ಅಂಚಿನ ಕೆಳಗೆ ಬೆರಳಿಟ್ಟು, ಆಮೇಲೆ ಬೆರಳನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದೆ. ನಲ್ಲಿಯಿಂದ ನೀರು ದಾರದಂತೆ ಇಳಿಯುತ್ತಿತ್ತು. ಚಮಚಗಳನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಚಮಚಗಳನ್ನು ಸದ್ದಿಲ್ಲದೆ ತೊಳೆಯುವುದು ನನಗೆ ಇನ್ನೂ ಬಂದಿರಲಿಲ್ಲ.

ಎದುರಿನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಹರ್ಷದಾ ವೈನಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರ ಆಫೀಸು ಆ ಕೋಣೆಯಲ್ಲೇ. ಅವರ ಗಂಡ ವೈಭವಣ್ಣ ನನ್ನ ದೊಡ್ಡಪ್ಪನ ಮಗ. ತೆಲುಗು ಶಹರದ ಮಣಿಕೊಂಡ ಬಡಾವಣೆಯ ಈ ಫ್ಲ್ಯಾಟಿನಿಂದ ದಿನವೂ ಬೈಕಿನಲ್ಲಿ ತನ್ನ ಆಫೀಸಿಗೆ ಹೋಗುತ್ತಿದ್ದ. ಅವರ ಮಗಳು ಪಿಂಕಿಯನ್ನು ನೋಡಿಕೊಳ್ಳಲು ನನ್ನನ್ನು ಸೇಡಂ ಕಡೆಯ ನಮ್ಮೂರಿನಿಂದ ಕರೆಸಿದ್ದರು. ಅವ್ವನಿಗೆ ಕಾಯಿಲೆಯಾದ ವರ್ಷ ನಾನು ಶಾಲೆ ಬಿಟ್ಟವಳು. ಆಮೇಲೆ ಮನೆ, ಒಲೆ, ಬಾವಿ, ಇಷ್ಟೇ. ಲಿಂಗಂಪಲ್ಲಿಯಲ್ಲಿ ರೈಲು ಇಳಿದಾಗ ವೈಭವಣ್ಣ ನನ್ನ ಚೀಲ ತೆಗೆದುಕೊಂಡು, ಕೂಸು ಒಂದು ಕಡೆ ನಿಲ್ಲುವುದಿಲ್ಲ, ನಿನ್ನ ಕಾಲು ಸವೆದುಹೋಗುತ್ತವೆ ಎಂದು ನಕ್ಕಿದ್ದ.

ಅವನು ಹೇಳಿದ್ದು ನಿಜ. ಪಿಂಕಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಅವಳಿಗೆ ನಡೆಯುವುದು ಗೊತ್ತಿರಲಿಲ್ಲ, ಓಡುವುದೊಂದೇ ಗೊತ್ತಿತ್ತು. ಅಜ್ಜಿ ಸಾವಿತ್ರಿಬಾಯಿ ಮಾಡಿಸಿ ಹಾಕಿದ ಬೆಳ್ಳಿಯ ಗೆಜ್ಜೆ ಅವಳ ಕಾಲಲ್ಲಿತ್ತು. ಅದರ ಸದ್ದಿನಿಂದಲೇ ಅವಳು ಎಲ್ಲಿದ್ದಾಳೆಂದು ನನಗೆ ತಿಳಿಯುತ್ತಿತ್ತು. ಸದ್ದು ಇದ್ದರೆ ಚಿಂತೆಯಿಲ್ಲ. ನಿಂತರೆ ಮಾತ್ರ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ಒಮ್ಮೆ ಹಾಗೆ ನಿಂತಾಗ ಚಪ್ಪಲಿಯ ಸ್ಟ್ಯಾಂಡಿನಲ್ಲಿ ಕೂತು ಅಪ್ಪನ ಬೂಟಿನ ದಾರ ಚೀಪುತ್ತಿದ್ದಳು. ಇನ್ನೊಮ್ಮೆ ಬಚ್ಚಲಲ್ಲಿ ಶಾಂಪೂ ಬಾಟಲಿಯನ್ನು ಪೂರ್ತಿ ಬಕೆಟ್ಟಿಗೆ ಸುರಿದು, ಏಳುತ್ತಿದ್ದ ನೊರೆಗೆ ತಾನೇ ಹೆದರಿ ನಿಂತಿದ್ದಳು.

ಅವಳನ್ನು ಆಡಿಸಲು ನಾನು ಏನೇನೋ ಮಾಡುತ್ತಿದ್ದೆ. ಈರುಳ್ಳಿ ಬುಟ್ಟಿಯಿಂದ ಈರುಳ್ಳಿ ತೆಗೆದು ಆಲೂಗಡ್ಡೆ ಬುಟ್ಟಿಗೆ ಹಾಕಿಸುವುದು, ಆಲೂಗಡ್ಡೆಯನ್ನು ಇತ್ತ ತರಿಸುವುದು. ಬಾಲ್ಕನಿಯಲ್ಲಿ ಅಗಲವಾದ ಪರಾತಕ್ಕೆ ನೀರು ಹಾಕಿ ಕೈಗೆ ಸೌಟು ಕೊಡುವುದು. ಚಪಾತಿ ಹಿಟ್ಟಿನ ಉಂಡೆ ಕೊಟ್ಟು ಹಾವು ಮಾಡಿಸುವುದು. ಹಣೆಗಿಡುವ ನನ್ನ ಟಿಕಳಿ ಹಾಳೆಯನ್ನೆಲ್ಲ ಅವಳು ಫ್ರಿಜ್ಜಿಗೂ ನನ್ನ ಮೂಗಿಗೂ ಅಂಟಿಸಿ ಮುಗಿಸಿದ್ದಳು. ಯಾವ ಆಟವೂ ಹಾಲು ಕಾಯುವಷ್ಟು ಹೊತ್ತು ನಡೆದರೆ ದೊಡ್ಡದು. ಆದರೆ ಒಂದು ಆಟ ಅವಳಿಗೆ ಎಂದೂ ಬೇಸರವಾಗುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು ಪಿಂಕಿ ಎಲ್ಲಿ ಎಂದು ಕೇಳಬೇಕು. ಅವಳು ಎದೆಗೆ ಪಟ್ಟೆಂದು ಹೊಡೆದುಕೊಂಡು, ಇಲ್ಲಿ ಎಂದು ಕಿರುಚಬೇಕು. ಆ ಕಿರುಚುವಿಕೆ ಕೆಳಗಿನ ಮಹಡಿಯವರಿಗೂ ಕೇಳುತ್ತಿತ್ತು.

ಒಂದು ದಿನ ಅವಳು ಹಾಗೆ ಕಿರುಚಿದಾಗ ವೈನಿ ದೊಡ್ಡ ಸಾಹೇಬರೊಬ್ಬರ ಜೊತೆ ಮಾತಾಡುತ್ತಿದ್ದರು. ಕರೆ ಮುಗಿದ ಮೇಲೆ ಹೊರಗೆ ಬಂದರು. ಬೈಯುತ್ತಾರೆಂದು ನಾನು ಗೋಡೆಗೆ ಒತ್ತಿ ನಿಂತೆ. ಅವರು ಬೈಯಲಿಲ್ಲ. ಸೋಫಾಕ್ಕೆ ಒರಗಿ ನೆಲದ ಮೇಲೆ ಕೂತು ಅತ್ತರು. ಹೀಗೇ ಆದರೆ ತನ್ನನ್ನು ಈ ಕೆಲಸದಿಂದ ತೆಗೆದು ಬೇರೆಯವರನ್ನು ಹಾಕುತ್ತಾರೆ ಎಂದರು. ಪಿಂಕಿ ಅವರ ಕಣ್ಣೀರನ್ನು ಬೆರಳಿಂದ ಮುಟ್ಟಿ, ಆ ಬೆರಳನ್ನು ನೆಕ್ಕಿ, ಉಪ್ಪು ಎಂದು ಮುಖ ಕಿವುಚಿದಳು. ವೈನಿಗೆ ಅಳುವಿನ ನಡುವೆಯೇ ನಗು ಬಂತು.

"ಆಕಿನ್ನ ಸುಮ್ಮ ಇಡು ಶರಣಿ," ಎಂದರು ಮೂಗು ಒರೆಸಿಕೊಳ್ಳುತ್ತಾ. "ಬ್ಯಾರೆ ಏನೂ ಮಾಡದಿದ್ರೂ ನಡೀತೈತಿ. ಸುಮ್ಮ ಇಟ್ರ ಸಾಕು."

ಇದು ನಡೆದ ವಾರದಲ್ಲೇ ಪಿಂಕಿ ತೊಟ್ಟಿಲನ್ನು ಖಾಲಿ ಮಾಡಿದಳು.

ತೊಟ್ಟಿಲು ಸಣ್ಣ ಕೋಣೆಯ ಮೂಲೆಯಲ್ಲಿತ್ತು. ಸಾಗುವಾನಿಯದು, ಸಾವಿತ್ರಿಬಾಯಿಯವರ ನಾರಾಯಣಗೂಡದ ಮನೆಯಿಂದ ಬಂದದ್ದು, ವೈಭವಣ್ಣನೂ ಅದರಲ್ಲೇ ಮಲಗಿ ಬೆಳೆದವನು. ಪಿಂಕಿ ಅದರಿಂದ ಇಳಿದು ಎಷ್ಟೋ ತಿಂಗಳಾಗಿತ್ತು. ಈಗ ಅದರ ತುಂಬ ಕೌದಿ, ಹಳೆ ದುಪ್ಪಟಿ, ಖಾಲಿ ಡಬ್ಬಿ. ಅವಳು ಅಂಚನ್ನು ಹಿಡಿದು ಒಂದೊಂದನ್ನೇ ಎಳೆದು ನೆಲಕ್ಕೆ ಹಾಕಿದಳು. ಮುಗಿದ ಮೇಲೆ ತೊಟ್ಟಿಲನ್ನು ತೂಗಲು ಶುರುಮಾಡಿದಳು.

ಬರಿಯ ತೊಟ್ಟಿಲು ತೂಗಬಾರದು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಇದು ಗೊತ್ತು. ನಾನು ಅವಳ ಕೈ ಹಿಡಿದೆ. ಅವಳು ಬಾಯಿ ತೆರೆದಳು. ಅತ್ತ ವೈನಿ ಮಾತಾಡುತ್ತಿದ್ದರು. ಅಳು ಹೊರಬೀಳುವ ಮೊದಲೇ ನಾನು ಒಂದು ದಿಂಬನ್ನು ತೊಟ್ಟಿಲಿಗೆ ಹಾಕಿದೆ. ಅವಳು ಅದನ್ನು ತೆಗೆದು ಎಸೆದಳು. ಬಟ್ಟೆಯ ಕರಡಿ ಹಾಕಿದೆ, ಅದನ್ನೂ ಎಸೆದಳು. ಆಮೇಲೆ ತಾನೇ ಒಳಗೆ ಬಗ್ಗಿ, ತೊಟ್ಟಿಲಿನ ತಳದ ಹಾಸಿಗೆಯ ಮಡಿಕೆಯೊಳಗೆ ಕೈ ಹಾಕಿ, ಒಂದು ಹಳದಿ ಬಟ್ಟೆಯ ತುದಿಯನ್ನು ಎಳೆದಳು.

ಅದು ಕುಂಚಿಗೆ. ಎಳೆಗೂಸಿನ ತಲೆಗೆ ಕಟ್ಟಿ ಬೆನ್ನಿನ ಮೇಲೆ ಇಳಿಬಿಡುವ ಟೊಪ್ಪಿಗೆ. ಬಟ್ಟೆ ಮಾತ್ರ ಅಲ್ಲ, ಅದರೊಳಗೆ ಏನೋ ಇತ್ತು. ಎರಡೂ ಕೈ ಹಾಕಿ ಹೊರಳಿಸಿದೆ. ಹಸಿರು ಅಂಗಿ, ಕೊರಳಲ್ಲಿ ಕರಿಮಣಿ, ಹಳದಿ ಅಂಚಿನ ನಡುವೆ ಕಪ್ಪು ನುಣುಪು ಮುಖ. ಮುಖದ ಮೇಲೆ ಕಾಡಿಗೆಯಲ್ಲಿ ಬರೆದ ಎರಡು ಕಣ್ಣು.

ಒಂದು ಕ್ಷಣ ಕೈ ಹಿಂದಕ್ಕೆಳೆದುಕೊಂಡೆ. ಆಮೇಲೆ ಗುರುತು ಹತ್ತಿತು. ಅದು ಚಟ್ನಿ ಅರೆಯುವ ಗುಂಡಕಲ್ಲು.

ಕೂಸಿಗೆ ಹೆಸರಿಡುವ ದಿನ ನಾವು ಮೊದಲು ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ. ಗುಂಡಕಲ್ಲನ್ನು ತೊಳೆದು, ಅಂಗಿ ತೊಡಿಸಿ, ಕುಂಚಿಗೆ ಕಟ್ಟಿ, ಕಣ್ಣು ಬರೆದು ಅದನ್ನು ಹಾಕುತ್ತೇವೆ. ಹೆಂಗಸರು ತೊಟ್ಟಿಲಿನ ಎರಡೂ ಕಡೆ ನಿಂತು ಆ ಕಲ್ಲನ್ನು ಕೆಳಗಿನಿಂದ ಕೊಡುತ್ತಾರೆ, ಮೇಲಿನಿಂದ ತೆಗೆದುಕೊಳ್ಳುತ್ತಾರೆ, ನಗಾಡುತ್ತಾರೆ. ಕೆಟ್ಟದ್ದು ಏನಿದ್ದರೂ ಮೊದಲು ಕಲ್ಲಿಗೆ ಹೋಗಲಿ ಎಂದು. ಅದಾದ ಮೇಲೆ ಕೂಸು ಮಲಗುತ್ತದೆ, ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳುತ್ತಾಳೆ. ಹೊತ್ತು ಮುಳುಗುವ ಮೊದಲು ಕಲ್ಲಿನ ಬಟ್ಟೆ ಬಿಚ್ಚಿ, ತೊಳೆದು, ಅದರಿಂದ ಏನನ್ನಾದರೂ ಅರೆಯಬೇಕು. ನಮ್ಮ ಓಣಿಯಲ್ಲಿ ಆ ಸಂಜೆಯ ಚಟ್ನಿಯನ್ನು ಬಂದವರೆಲ್ಲ ಬೆರಳಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಅರೆಯದೆ ಬಿಟ್ಟ ಕಲ್ಲನ್ನು ನಾನು ಎಂದೂ ಕಂಡಿರಲಿಲ್ಲ. ಬಿಟ್ಟರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಬಿಟ್ಟಿರಲಿಲ್ಲ.

ಪಿಂಕಿ ಕಲ್ಲಿನ ಮುಖವನ್ನು ಅಂಗೈಯಿಂದ ಸವರಿದಳು. ತೊಟ್ಟಿಲನ್ನು ತೂಗಿದಳು. ನನಗೂ ಸಮಾಧಾನವೇ ಆಯಿತು, ತೊಟ್ಟಿಲು ಬರಿದಾಗಿರಲಿಲ್ಲವಲ್ಲ. ಆ ಮಧ್ಯಾಹ್ನ ಪೂರ್ತಿ ಅವಳು ತೂಗುತ್ತಲೇ ಇದ್ದಳು. ನಾನು ಚಮಚಗಳನ್ನೂ ತೊಳೆದೆ.

ವೈನಿ ಹೊರಗೆ ಬಂದಾಗ ಸಂಜೆಯಾಗಿತ್ತು. "ಏನ್ ಜಾದೂ ಮಾಡೀ ನೀ?" ಎಂದು ಕೇಳಿದರು. ನಾನು ತೊಟ್ಟಿಲು ತೋರಿಸಿದೆ. ಅವರು ಜೋರಾಗಿ ನಕ್ಕರು. ಇದು ಇನ್ನೂ ಇಲ್ಲೇ ಇದೆಯಾ ಎಂದರು. ಹೆಸರಿಟ್ಟ ದಿನ ಅದರಿಂದ ಯಾರೂ ಅರೆಯಲಿಲ್ಲವೇ ಎಂದು ನಾನು ಮೆಲ್ಲಗೆ ಕೇಳಿದೆ. ಅವರಿಗೆ ನೆನಪಿರಲಿಲ್ಲ. ಮನೆಯಲ್ಲಿ ಮಿಕ್ಸರ್ ಇದೆ, ಊಟ ಹೊಟೇಲಿನಲ್ಲಿತ್ತು, ಯಾರು ಅರೆಯುತ್ತಾರೆ ಎಂದರು. ಆಮೇಲೆ ಸೋಫಾದಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಫೋನಿನಲ್ಲಿ ಹೆಸರಿಟ್ಟ ದಿನದ ವೀಡಿಯೊ ತೋರಿಸಿದರು.

ವೀಡಿಯೊ ತೆಗೆಯುವಾಗ ಕೂಸು ಇನ್ನೂ ಒಳಗಿನ ಕೋಣೆಯಲ್ಲಿ ನಿದ್ದೆ ಮಾಡುತ್ತಿತ್ತಂತೆ. ಫೋಟೋ ತೆಗೆಯುವವನು ಬೆಳಕು ಹೋಗುತ್ತಿದೆ, ಕಿವಿಯಲ್ಲಿ ಹೆಸರು ಹೇಳುವ ಶಾಟ್ ಮೊದಲು ಮುಗಿಸೋಣ ಎಂದು ಹಿಂದಿಯಲ್ಲಿ ಅವಸರ ಮಾಡುತ್ತಿದ್ದ. ವೈಭವಣ್ಣನ ಅಕ್ಕ ಧನಶ್ರೀ ಸೊಲ್ಲಾಪುರದಿಂದ ಬಂದಿದ್ದಳು. ಜರಿ ಸೀರೆಯ ಸೆರಗು ಸರಿಮಾಡಿಕೊಂಡು, ತೊಟ್ಟಿಲಿಗೆ ಬಗ್ಗಿ, ಕುಂಚಿಗೆಯ ಅಂಚನ್ನು ಸರಿಸಿ, ಕಲ್ಲಿಗೆ ಬಾಯಿ ಹಚ್ಚಿ ಮಾನಸಾ ಎಂದಳು. ಇನ್ನೊಮ್ಮೆ ಎಂದ ಫೋಟೋದವನು. ಅವಳು ಮತ್ತೆ ಮಾನಸಾ ಎಂದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು.

ಮಾನಸಾ ಎಂಬುದು ಪಿಂಕಿಯ ಹೆಸರು.

ಆಮೇಲೆ ಕೂಸಿಗೂ ಹೇಳಿದರೇ ಎಂದು ಕೇಳಿದೆ. ಹೇಳಿರಬೇಕು ಎಂದರು ವೈನಿ. ಕೂಸು ಎದ್ದು ಭಾಳ ಅತ್ತಿತ್ತು, ಎಲ್ಲರಿಗೂ ಊಟಕ್ಕೆ ಹೊತ್ತಾಗಿತ್ತು. ಮನೆಯಲ್ಲಿ ಎಲ್ಲರೂ ಪಿಂಕಿ ಎಂದೇ ಕರೆಯುತ್ತಾರೆ, ಆ ಹೆಸರು ಇನ್ನು ಶಾಲೆಗೆ ಹಾಕುವಾಗಲೇ ಬೇಕಾಗುವುದು ಎಂದು ಫೋನು ಆರಿಸಿದರು.

ರಾತ್ರಿ ಊಟಕ್ಕೆ ಕೂತಾಗ ವೈಭವಣ್ಣನಿಗೂ ಸುದ್ದಿ ಮುಟ್ಟಿತು. "ನಡೀ, ಎರಡನೇ ಕೂಸು ಪುಕ್ಕಟ ಬಂತು," ಎಂದ. "ಡೈಪರ್ ಸುದ್ಧಾ ಬ್ಯಾಡ."

ಮರುದಿನದಿಂದ ಪಿಂಕಿ ಎದ್ದ ಕೂಡಲೇ ಸಣ್ಣ ಕೋಣೆಗೆ ಹೋಗುತ್ತಿದ್ದಳು. ಮೊದಮೊದಲು ಓಡಿ ಹೋಗುತ್ತಿದ್ದಳು, ಆಮೇಲೆ ನಡೆದು. ನೀರಿನ ಪರಾತ ಇಟ್ಟರೆ ಸೌಟು ಹಿಡಿದು ನೀರನ್ನು ನೋಡುತ್ತಿದ್ದಳು. ಚಪಾತಿ ಹಿಟ್ಟು ಕೊಟ್ಟರೆ ಅದು ಅವಳ ಮುಷ್ಟಿಯಲ್ಲೇ ಒಣಗುತ್ತಿತ್ತು. ಉಣ್ಣುವಾಗ ಬಾಯಿ ತೆರೆ ಎಂದರೆ ತೆರೆಯುತ್ತಿದ್ದಳು. ಹಿಂದೆ ಒಂದು ತುತ್ತಿಗೆ ನಾನು ಮನೆಯೆಲ್ಲ ಸುತ್ತಬೇಕಿತ್ತು. ಮಲಗು ಎಂದರೆ ಮಲಗುತ್ತಿದ್ದಳು, ಹಾಕಿದ ಮಗ್ಗುಲಲ್ಲೇ ಏಳುತ್ತಿದ್ದಳು. ಗೆಜ್ಜೆಯ ಸದ್ದು ಕಡಿಮೆಯಾಯಿತು, ಆಮೇಲೆ ಇಲ್ಲವಾಯಿತು. ಸದ್ದು ನಿಂತರೆ ಓಡುವ ರೂಢಿ ನನ್ನ ಕಾಲಿಗಿತ್ತು. ಈಗ ಎಲ್ಲಿಗೆ ಓಡಬೇಕೆಂದು ತಿಳಿಯದೆ ಅಡುಗೆಮನೆಯಲ್ಲೇ ಹಿಂದೆಮುಂದೆ ತಿರುಗುತ್ತಿದ್ದೆ.

ಅವಳನ್ನು ಸೊಂಟದ ಮೇಲೆ ಹೊತ್ತುಕೊಂಡರೆ ನನ್ನ ಸೊಂಟ ನೋಯತೊಡಗಿತು. ಲಸಿಕೆ ಹಾಕಿಸಲು ಹೋದಾಗ ಅಲ್ಲಿನ ನರ್ಸ್ ತೂಕ ನೋಡಿ, "ಪಾಪ ಬರುವು ಬಾಗಾ ಪೆರಿಗಿಂದಿ," ಎಂದಳು ತೆಲುಗಿನಲ್ಲಿ. ಕೂಸು ಚೆನ್ನಾಗಿ ತೂಕ ಏರಿದೆ ಎಂದು ವೈನಿಗೆ ಬಲು ಖುಷಿ. ಶರಣಿಯ ಕೈಗುಣ ಎಂದು ನರ್ಸಿಗೆ ಹೇಳಿದರು. ಪಿಂಕಿಯ ಮುಖ ತುಂಬಿರಲಿಲ್ಲ, ತೋಳು ತುಂಬಿರಲಿಲ್ಲ. ಅಂಗಿ ಹಿಂದಿನ ಹಾಗೇ ಸಡಿಲವಾಗಿತ್ತು. ಅದನ್ನು ದಿನಾ ತೊಡಿಸುವವಳು ನಾನು. ಸೂಜಿ ಚುಚ್ಚಿದಾಗ ಅವಳು ಅಳಲಿಲ್ಲ. ಸೂಜಿಯನ್ನೂ ನೋಡಲಿಲ್ಲ.

ಮನೆಗೆ ಬಂದು ತೊಟ್ಟಿಲಿನ ಧೂಳು ಒರೆಸಲು ಕಲ್ಲನ್ನು ಎತ್ತಿದೆ. ಮೊದಲ ದಿನ ಅದಕ್ಕೆ ಎರಡು ಕೈಯೂ ಬೇಕಾಗಿತ್ತು. ಈಗ ಒಂದೇ ಕೈಗೆ ಬಂತು. ಕುಂಚಿಗೆಯ ಒಳಗೆ ಬೆರಳು ಹಾಕಿದೆ. ಬೆಚ್ಚಗಿತ್ತು. ಕಿಟಕಿಯ ಬಿಸಿಲು ಆ ಮೂಲೆಗೆ ಬರುವುದಿಲ್ಲ.

ಆ ಸಂಜೆ ನಾನು ಧೈರ್ಯ ಮಾಡಿದೆ. ನನಗೆ ಮಾತು ಬೇಗ ಬರುವುದಿಲ್ಲ. ವೈನಿ ಚಹಾ ಕುಡಿದು ಮುಗಿಸುವವರೆಗೆ ಬಾಗಿಲಲ್ಲಿ ನಿಂತಿದ್ದು, "ವೈನಿ, ಪಿಂಕಿ ಓಡಾಡೂದ ಬಿಟ್ಟಾಳ್ರಿ," ಎಂದೆ.

"ಶಾಣ್ಯಾ ಆಗಾಕತ್ತಾಳ ಬಿಡು," ಎಂದರು ಅವರು. "ಓಡಾಡಿದ್ರ ಒಂದು ಕಂಪ್ಲೇಂಟು, ಕುಂತ್ರ ಒಂದು ಕಂಪ್ಲೇಂಟು. ಏನ್ ನಿಂದು?"

ಅವರು ನಗುತ್ತಲೇ ಹೇಳಿದರು. ನನ್ನ ಕೆನ್ನೆಯನ್ನೂ ಹಿಂಡಿದರು. ಕೆಲಸದಲ್ಲಿ ಅವರಿಗೆ ಆಗ ಒಳ್ಳೆಯ ಹೆಸರು ಬಂದಿತ್ತು. ಮುಖದಲ್ಲಿ ನಿದ್ದೆ ಮಾಡಿದವರ ಕಳೆ ಇತ್ತು. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಕಲ್ಲನ್ನು ಅಂಗಿ ಕುಂಚಿಗೆಯ ಸಮೇತ ಕೌದಿಯಲ್ಲಿ ಸುತ್ತಿ ಅಟ್ಟದ ಮೇಲೆ, ಸೂಟ್‌ಕೇಸುಗಳ ಹಿಂದೆ ಇಟ್ಟೆ. ಪಿಂಕಿ ಅಳುತ್ತಾಳೆಂದುಕೊಂಡಿದ್ದೆ. ಅಳಲಿ ಎಂದೇ ಇಟ್ಟಿದ್ದೆ. ಅವಳು ಅಳಲಿಲ್ಲ. ಅಟ್ಟದ ಕೆಳಗೆ ನೆಲದ ಮೇಲೆ ಕೂತು ಮೇಲೆ ನೋಡಿದಳು. ನಾನು ಅವಳ ಎದುರು ಕೂತೆ. ಹಳೆಯ ಆಟ ಆಡೋಣ ಎಂದು ಕಣ್ಣು ಮುಚ್ಚಿಕೊಂಡು, ಪಿಂಕಿ ಎಲ್ಲಿ ಎಂದು ಕೇಳಿದೆ. ಎದೆಗೆ ಹೊಡೆದುಕೊಳ್ಳುವ ಸದ್ದು ಬರಲಿಲ್ಲ. ಕಣ್ಣು ತೆರೆದೆ. ಅವಳ ತೋರುಬೆರಳು ಅಟ್ಟದ ಕಡೆಗಿತ್ತು.

ಆಗ ಗೆಜ್ಜೆಯ ಸದ್ದು ಕೇಳಿತು. ಸಣ್ಣಗೆ, ಎರಡು ಹೆಜ್ಜೆ ಓಡಿ ನಿಂತ ಹಾಗೆ. ನನಗೆ ಒಳಗೆಲ್ಲ ಹಗುರಾಯಿತು. ಓಡು ಅವ್ವಾ, ಓಡು ಎನ್ನುತ್ತಾ ಅವಳ ಪಾದಗಳನ್ನು ನೋಡಿದೆ. ಪಾದಗಳು ನನ್ನ ಮಡಿಲ ಬಳಿಯೇ ಇದ್ದವು. ಗೆಜ್ಜೆಗಳೂ ಅವುಗಳ ಮೇಲೇ ಇದ್ದವು. ಅಲುಗಿರಲಿಲ್ಲ. ಸದ್ದು ಮತ್ತೊಮ್ಮೆ ಬಂತು, ಮೇಲಿನಿಂದ.

ಸ್ಟೂಲು ಹಾಕಿ ಕಲ್ಲನ್ನು ಕೆಳಗಿಳಿಸಿ ತೊಟ್ಟಿಲಿಗೇ ಹಾಕಿದೆ. ಕತ್ತಲಲ್ಲಿ ಇಡಲು ನನ್ನ ಕೈಯಲ್ಲಿ ಆಗಲಿಲ್ಲ. ಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ನಿಂತೆ. ಪಿಂಕಿ ತೊಟ್ಟಿಲಿನ ಪಕ್ಕ ಕೂತಿದ್ದಳು, ಕೈಗಳು ಮಡಿಲಲ್ಲಿದ್ದವು. ಅವಳ ದೊಡ್ಡ ಹೆಸರನ್ನು ನಾನು ಎಂದೂ ಕರೆದಿರಲಿಲ್ಲ. ಮಾನಸಾ ಎಂದೆ. ಅವಳು ತಿರುಗಲಿಲ್ಲ. ತೊಟ್ಟಿಲು ನನ್ನ ಕಡೆಗೆ ಒಮ್ಮೆ ತೂಗಿ ನಿಂತಿತು.

ಮುಂದಿನ ವಾರ ಸಾವಿತ್ರಿಬಾಯಿ ಬರುವವರಿದ್ದರು. ನನಗೆ ಅವರು ದೊಡ್ಡವ್ವ. ಅವರು ಬರುವ ದಾರಿಯನ್ನು ಆ ಮನೆಯಲ್ಲಿ ನನ್ನಷ್ಟು ಕಾದವರಿಲ್ಲ. ಹಗಲೆಲ್ಲ ನಾನು ಪಿಂಕಿಯ ಅಂಗೈ ಅಂಗಾಲು ತಿಕ್ಕುತ್ತಾ ಕೂರುತ್ತಿದ್ದೆ. ಅವು ತಣ್ಣಗಿರುತ್ತಿದ್ದವು, ಬೆಳಗಿನ ಅಡುಗೆಕಟ್ಟೆಯ ಹಾಗೆ. ನನ್ನ ಮೂಗಿಗೆ ನಾನೇ ಟಿಕಳಿ ಅಂಟಿಸಿಕೊಂಡು ಅವಳ ಮುಂದೆ ತಲೆ ಅಲ್ಲಾಡಿಸುತ್ತಿದ್ದೆ. ಈರುಳ್ಳಿ ಬುಟ್ಟಿಯನ್ನು ಅವಳ ಮುಂದೆ ಸುರಿಯುತ್ತಿದ್ದೆ. ಒಂದು ಸಲ ಬೇಕೆಂದೇ ಸ್ಟೀಲಿನ ತಟ್ಟೆಯನ್ನು ನೆಲಕ್ಕೆ ಬಿಟ್ಟೆ. ಒಳಗಿನಿಂದ ವೈನಿ ಶ್ ಎಂದರು. ಪಿಂಕಿ ಕಣ್ಣನ್ನೂ ಮಿಟುಕಿಸಲಿಲ್ಲ. ಹೀಗೇ ಹೋದರೆ ಒಂದು ಬೆಳಿಗ್ಗೆ ಅವಳು ಏಳುವುದೇ ಇಲ್ಲ ಎಂದು ನನಗೆ ಅನಿಸುತ್ತಿತ್ತು. ಹಾಗೆ ಅನಿಸಿದಾಗಲೆಲ್ಲ ಅವಳ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದೆ.

ದೊಡ್ಡವ್ವನ ದನಿ ಲಿಫ್ಟಿನಿಂದಲೇ ಕೇಳಿತು. ಕಿವಿ ಮಂದವಾದ ಮೇಲೆ ಅವರು ಎಲ್ಲರಿಗೂ ಕಿವಿ ಮಂದ ಎಂಬಂತೆ ಮಾತಾಡುತ್ತಾರೆ. ವೈಭವಣ್ಣ ಅವರನ್ನು ಬಿಟ್ಟು ಆಫೀಸಿಗೆ ಹೊರಟ. ವೈನಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ಮುಖ್ಯವಾದ ಕರೆಯಿದೆ ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಚಾಪೆಯ ಮೇಲೆ ಕೂತಿದ್ದ ಮೊಮ್ಮಗಳನ್ನು ದೊಡ್ಡವ್ವ ಗದ್ದ ಹಿಡಿದು ನೋಡಿದರು.

"ಏನವ್ವಾ, ಅಜ್ಜಿ ಸೀರಿ ಎಳಿಯಾಕಿ, ಈಗ ಏನ್ ತಹಶೀಲ್ದಾರಣಿ ಆಗೀ?" ಎಂದರು. ಪಿಂಕಿ ಅವರ ಕೈಯನ್ನು ನೋಡಿದಳು. "ಮೈ ಯಾಕ ಇಷ್ಟು ಥಂಡಿ ಐತಿ ಈಕಿಂದು?"

ನಾನು ಅವರನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ಅವರ ಬಲಗಿವಿಯ ಹತ್ತಿರ ಬಾಯಿ ಇಟ್ಟು, ತೊಟ್ಟಿಲಿನಲ್ಲಿ ಸಿಕ್ಕಿದ್ದು, ವೀಡಿಯೊದಲ್ಲಿ ಕಂಡದ್ದು, ತೂಕ, ಗೆಜ್ಜೆ, ಎಲ್ಲವನ್ನೂ ಹೇಳಿದೆ. ಅಷ್ಟು ಮಾತನ್ನು ನಾನು ಯಾರಿಗೂ ಒಟ್ಟಿಗೆ ಆಡಿದವಳಲ್ಲ. ಕೆಲವನ್ನು ಎರಡು ಸಲ ಹೇಳಬೇಕಾಯಿತು. ಗೆಜ್ಜೆಯ ವಿಷಯಕ್ಕೆ ಅವರು ಕೈ ಬೀಸಿದರು, ಮೇಲಿನ ಮನೆಯವರ ಕೂಸು ಇರಬೇಕು ಎಂದರು. ಆದರೆ ಕಲ್ಲಿನ ವಿಷಯಕ್ಕೆ ಮುಖ ಬದಲಾಯಿತು.

"ಅವತ್ತ ಅರದಿಲ್ಲೇನು?"

ನಾನು ತಲೆ ಅಲ್ಲಾಡಿಸಿದೆ.

"ಹರ್ಷದಾ ಅರದಾಳಂತ ನಾ ತಿಳದೆ. ನಾ ಅರದೀನಂತ ಆಕಿ ತಿಳದಾಳ." ಅವರು ಸ್ಟೂಲಿನ ಮೇಲೆ ಕೂತರು. "ನನ್ನ ಅತ್ತೀ ಕಲ್ಲು ಅದು. ಎಷ್ಟು ಕೂಸಿಗೆ ಮುಂಚೆ ಮಲಗೈತಿ. ಒಂದು ದಿನಾನೂ ಮೈಮ್ಯಾಲೆ ಬಟ್ಟಿ ಇಟ್ಕೊಂಡು ರಾತ್ರಿ ಕಳದಿದ್ದಿಲ್ಲ."

ಏನು ಮಾಡುವುದು ಎಂದು ಕೇಳಿದೆ.

"ಏನ್ ಮಾಡೂದು, ಅರಿಯೂದು. ತಾ ಕಲ್ಲು ಅನ್ನೂದು ಅದಕ್ಕ ಮರತೈತಿ. ನೆನಪು ಮಾಡಿದ್ರಾತು." ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಕೆಂಪು ಮೆಣಸಿನಕಾಯಿ ನೆನಿಹಾಕು. ಖಾರಾನ ಅರಿಯೂಣು. ಅಂಜಬ್ಯಾಡ ಹುಡುಗಿ, ಚಲೋ ಮಾಡಿದಿ ಹೇಳಿದ್ದು."

ಎಷ್ಟೋ ದಿನದ ನಂತರ ನನಗೆ ಹಸಿವಾಯಿತು. ಮೆಣಸಿನಕಾಯಿಗೆ ಬಿಸಿ ನೀರು ಹಾಕಿ, ಬೆಳ್ಳುಳ್ಳಿ ಸುಲಿದೆ. ದೊಡ್ಡವ್ವ ಕಲ್ಲನ್ನು ತಂದು ಕಟ್ಟೆಯ ಮೇಲೆ ಮಲಗಿಸಿದರು. ಎಷ್ಟು ಹಗುರಾಗೈತಿ, ನನ್ನ ಕೈಯಾಗ ಕಸುವು ಬಂದೈತಿ ನೋಡು ಎಂದು ನಕ್ಕರು. ಕುಂಚಿಗೆಯ ಗಂಟು ಬಿಚ್ಚಿದರು, ಕರಿಮಣಿ ತೆಗೆದರು, ಅಂಗಿ ಕಳಚಿದರು. ಬಟ್ಟೆಯನ್ನು ನಾನು ಮಡಿಸಿ ಪಕ್ಕಕ್ಕಿಟ್ಟೆ. ಎಳೆಗೂಸಿನ ತಲೆಯ ವಾಸನೆ ಬರುತ್ತಿತ್ತು ಅದರಿಂದ, ಎಣ್ಣೆ ಮತ್ತು ಬೆವರು. ನಲ್ಲಿಯ ಕೆಳಗೆ ಹಿಡಿದು ದೊಡ್ಡವ್ವ ಕಲ್ಲನ್ನು ತಿಕ್ಕಿದರು. ಕಾಡಿಗೆಯ ಕಣ್ಣು ಹೋಗಲಿಲ್ಲ. ನಾರು ಹಾಕಿ ತಿಕ್ಕಿದರೂ ಹೋಗಲಿಲ್ಲ. ಮನೆಯಲ್ಲಿ ಮಾಡಿದ ಕಾಡಿಗೆ, ಅಷ್ಟು ಬೇಗ ಹೋಗುವುದಿಲ್ಲ, ಖಾರ ಬಿದ್ದರೆ ತಾನೇ ಹೋಗುತ್ತದೆ ಎಂದರು.

ಕೆಳಗಲ್ಲು ಇರಲಿಲ್ಲ. ಗ್ರಾನೈಟಿನ ಕಟ್ಟೆಯನ್ನೇ ತೊಳೆದು ಅದರ ಮೇಲೆ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿದರು. ಎರಡೂ ಅಂಗೈಯನ್ನು ಕಲ್ಲಿನ ಮೇಲಿಟ್ಟು ಮೈಭಾರ ಬಿಟ್ಟು ಮುಂದೆ ತಳ್ಳಿದರು.

ಆ ಸದ್ದು ಮನೆಯನ್ನೆಲ್ಲ ತುಂಬಿತು. ಇಷ್ಟು ತಿಂಗಳು ನಾನು ಚಮಚದ ಸದ್ದಿಗೂ ಹೆದರಿಕೊಂಡಿದ್ದ ಮನೆ ಅದು. ವೈನಿಯ ಬಾಗಿಲು ತೆರೆಯಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ. ಅಲ್ಲಿಂದ ಒಂದು ಕಡೆಗೆ ದೊಡ್ಡವ್ವನ ಬೆನ್ನು ಕಾಣುತ್ತಿತ್ತು, ಇನ್ನೊಂದು ಕಡೆಗೆ ಚಾಪೆಯ ಮೇಲೆ ಕೂತ ಪಿಂಕಿ.

ಪಿಂಕಿ ತಲೆ ಎತ್ತಿದಳು.

ಕಲ್ಲು ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಅವಳ ಕಾಲು ಅಲುಗಿತು. ಗೆಜ್ಜೆ ಘಲ್ ಎಂದಿತು. ಈ ಸಲ ಅದು ಅವಳದೇ ಗೆಜ್ಜೆ, ನಾನು ಕಣ್ಣಾರೆ ಕಂಡೆ. ಕೆನ್ನೆಗೆ ಬಣ್ಣ ಬಂತು. ನಿದ್ದೆಯಿಂದ ಎದ್ದವಳಂತೆ ಸುತ್ತ ನೋಡಿ, ನನ್ನನ್ನು ಕಂಡು, ಎರಡೂ ಕೈ ಚಾಚಿ, ಅತ್ಯಾ ಎಂದಳು. ಆ ಮಾತನ್ನು ಕೇಳಿ ಎಷ್ಟು ದಿನವಾಗಿತ್ತೋ. ನಾನು ಅವಳ ಕಡೆಗೆ ಓಡಿದೆ.

ಅಷ್ಟರಲ್ಲಿ ದೊಡ್ಡವ್ವ ಕಲ್ಲನ್ನು ಹೊರಳಿಸಿ ಕಣ್ಣು ಬರೆದ ಮಗ್ಗುಲನ್ನು ಕೆಳಗೆ ಹಾಕಿಕೊಂಡಿರಬೇಕು. ಸದ್ದು ಬದಲಾಯಿತು, ಒದ್ದೆಯಾಯಿತು. ಪಿಂಕಿಯ ಚಾಚಿದ ಕೈಗಳು ಹಿಂದಕ್ಕೆ ಹೋದವು. ಮುಷ್ಟಿ ಕಟ್ಟಿ ಎರಡೂ ಕಣ್ಣುಗಳನ್ನು ಒಟ್ಟಿಗೆ ಉಜ್ಜತೊಡಗಿದಳು. ನಾನು ಮುಷ್ಟಿಗಳನ್ನು ಬಿಡಿಸಿದೆ. ಕಣ್ಣು ಕೆಂಡದಂತಾಗಿದ್ದವು. ರೆಪ್ಪೆ ಊದಿಕೊಂಡು ನೀರು ಧಾರೆಯಾಗಿ ಇಳಿಯುತ್ತಿತ್ತು. ಅವಳ ಕೈ ಒಣಗಿತ್ತು, ಅಡುಗೆಮನೆಯ ಹತ್ತಿರಕ್ಕೂ ಅವಳು ಬಂದಿರಲಿಲ್ಲ. ಆದರೂ ಅವಳ ಮುಖದಿಂದ ಅರೆದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಹಿಂದೆ ಕೆಳಗಿನ ಮಹಡಿಯವರೆಗೆ ಕಿರುಚುತ್ತಿದ್ದ ಬಾಯಿ ಅದು. ಈಗ ಅದರಿಂದ ಸದ್ದೇ ಹೊರಡಲಿಲ್ಲ.

ಎತ್ತಿಕೊಂಡು ಅಡುಗೆಮನೆಗೆ ಓಡಬೇಕೆಂದು ಕಂಕುಳಿಗೆ ಕೈ ಹಾಕಿದೆ. ಅವಳು ಏಳಲಿಲ್ಲ. ನೆಲದಲ್ಲಿ ಹೂತವಳಂತೆ ಕೂತಿದ್ದಳು. ಬಿಟ್ಟು ಓಡಬೇಕೆಂದರೆ ಅವಳ ಬೆರಳು ನನ್ನ ಮಣಿಕಟ್ಟನ್ನು ಹಿಡಿದಿದ್ದವು. ಆ ಹಿಡಿತ ಕೂಸಿನದಲ್ಲ, ಬಿಡಿಸಲು ಆಗಲಿಲ್ಲ. ಆಗ ನನಗೆ ತಿಳಿಯಿತು, ಕಟ್ಟೆಯ ಮೇಲೆ ಅರೆಯುತ್ತಿರುವುದು ಕಲ್ಲನ್ನೋ ಕೂಸನ್ನೋ ಎಂದು ದೊಡ್ಡವ್ವನಿಗಾಗಲಿ ನನಗಾಗಲಿ ಗೊತ್ತಿಲ್ಲ.

ಮುಚ್ಚಿದ ಬಾಗಿಲಿನ ಹಿಂದೆ ವೈನಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಅಡುಗೆಮನೆಯಲ್ಲಿ ಕಲ್ಲು ಹೋಗಿ ಬರುತ್ತಿತ್ತು. ದೊಡ್ಡವ್ವ ನಮ್ಮ ಕಡೆಗೆ ಬೆನ್ನು ಹಾಕಿಯೇ ಇದ್ದರು.

"ದೊಡ್ಡವ್ವಾ," ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಉಸಿರು ತುಂಬಿಕೊಂಡು, ನನ್ನಿಂದಾಗುವಷ್ಟು ಜೋರಾಗಿ ಮತ್ತೆ ಕರೆದೆ.

"ದೊಡ್ಡವ್ವಾ, ಅರಿಯೂದು ನಿಂದ್ರಸ್ರಿ."